ಎಸ್‌ಎಫ್-6 ಅನಿಲಕ್ಕೆ ಯುರೋಪ್ ವಿದಾಯ: ನಿರ್ವಾತದ ಕಿಡಿ ಕಂಪ್ಯೂಟರ್ ಲೆಕ್ಕಕ್ಕೆ ಸಿಗುವುದೇ?

ವಿದ್ಯುತ್ ಸಬ್‌ಸ್ಟೇಷನ್‌ಗಳ ಸ್ವಿಚ್‌ಗೇರ್‌ಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಎಸ್‌ಎಫ್-6 ಅನಿಲವನ್ನು ಯುರೋಪ್ ಹಂತ ಹಂತವಾಗಿ ಕೈಬಿಡುತ್ತಿದೆ. ಐರೋಪ್ಯ ಒಕ್ಕೂಟದ 2024ರ ನಿಯಮದಂತೆ 24 ಕೆವಿವರೆಗಿನ ಹೊಸ ಸ್ವಿಚ್‌ಗೇರ್‌ಗಳಿಗೆ 2026ರ ಜನವರಿ 1ರಿಂದ, 52 ಕೆವಿವರೆಗಿನವಕ್ಕೆ 2030ರಿಂದ ನಿರ್ಬಂಧವಿದೆ. ಕೆಲವು ವಿನಾಯಿತಿಗಳೂ ಇವೆ. ಒಂದು ಕೆ.ಜಿ. ಎಸ್‌ಎಫ್-6 ಸೋರಿದರೆ, 100 ವರ್ಷಗಳ ಲೆಕ್ಕದಲ್ಲಿ ಅದು ಸುಮಾರು 24,300 ಕೆ.ಜಿ. ಇಂಗಾಲದ ಡೈಆಕ್ಸೈಡ್‌ನಷ್ಟು ತಾಪ ಹೆಚ್ಚಿಸುತ್ತದೆ.

ಪ್ರಮುಖ ಪರ್ಯಾಯವೆಂದರೆ ನಿರ್ವಾತ. ಭಾರತದ 11 ಮತ್ತು 33 ಕೆವಿ ಜಾಲಗಳಿಗೆ ವ್ಯಾಕ್ಯೂಮ್ ಬ್ರೇಕರ್ ಹೊಸದೇನಲ್ಲ. ಸವಾಲು ಇರುವುದು 220, 400 ಕೆವಿ ಮಟ್ಟದಲ್ಲಿ. ಸಂಪರ್ಕ ತುದಿಗಳ ಅಂತರವನ್ನು ಎರಡು ಪಟ್ಟು ಮಾಡಿದರೂ ನಿರ್ವಾತ ತಡೆಯುವ ವೋಲ್ಟೇಜ್ ಎರಡು ಪಟ್ಟಾಗುವುದಿಲ್ಲ.

ಗಾಳಿಯಿಲ್ಲದೆಯೂ ಕಿಡಿ

ತಾಮ್ರ-ಕ್ರೋಮಿಯಂ ತುದಿಗಳು ಬೇರ್ಪಟ್ಟಾಗ ಲೋಹವೇ ಆವಿಯಾಗಿ ಆರ್ಕ್‌ಗೆ ದಾರಿ ಮಾಡಿಕೊಡುತ್ತದೆ. 50 ಹರ್ಟ್ಜ್ ವಿದ್ಯುತ್ ಪ್ರವಾಹ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಶೂನ್ಯಕ್ಕೆ ಇಳಿಯುತ್ತದೆ. ಆ ಕ್ಷಣದಲ್ಲಿ ಆವಿ ಚದುರಿದರೆ ಆರ್ಕ್ ನಂದುತ್ತದೆ, ಇಲ್ಲವಾದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಭಾರಿ ಪ್ರವಾಹದಲ್ಲಿ ಆರ್ಕ್ ಒಂದೇ ಕಡೆ ಕುಗ್ಗಿ ತುದಿಯನ್ನು ಕರಗಿಸದಂತೆ ತಡೆಯಲು ಕಾಂತಕ್ಷೇತ್ರ ಬೇಕು. ತುದಿಗಳ ಆಕಾರ, ಸೀಳುಗಳ ವಿನ್ಯಾಸ ನಿರ್ಧಾರವಾಗುವುದು ಇದರ ಮೇಲೆಯೇ.

ಇಂಟರಪ್ಟರ್ ಮುಚ್ಚಿದ ಕೊಳವೆಯಾದ್ದರಿಂದ ಒಳಗಿನ ಆರ್ಕ್ ಕಣ್ಣಿಗೆ ಬೀಳದು. ಹಾಗಾಗಿ ಪ್ಲಾಸ್ಮಾವನ್ನು ವಿದ್ಯುತ್ ಹರಿಯುವ ದ್ರವದಂತೆ ಭಾವಿಸಿ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಲಾಗುತ್ತದೆ. ಹತ್ತಾರು ಮಾದರಿಗಳನ್ನು ತಯಾರಿಸಿ ಸುಡುವ ಬದಲು, ಉತ್ತಮವಾದ ಎರಡು-ಮೂರನ್ನು ಆರಿಸಲು ಇದು ನೆರವಾಗುತ್ತದೆ.

ಲೆಕ್ಕ ತಪ್ಪುವುದೆಲ್ಲಿ?

ಆರ್ಕ್ ಹುಟ್ಟುವ ಕ್ಯಾಥೋಡ್ ಬಿಂದುಗಳ ಗಾತ್ರ ಮೈಕ್ರೋಮೀಟರ್‌ಗಳಲ್ಲಿ, ಅವುಗಳ ಬದಲಾವಣೆ ನ್ಯಾನೋಸೆಕೆಂಡ್‌ಗಳಲ್ಲಿ. 10 ಮಿಲಿಸೆಕೆಂಡ್ ಎಂದರೆ ಒಂದು ಕೋಟಿ ನ್ಯಾನೋಸೆಕೆಂಡ್. ಇಡೀ ಆರ್ಕ್ ಅನ್ನು ಅಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕುವುದು ಸದ್ಯಕ್ಕೆ ಕಾರ್ಯಸಾಧ್ಯವಲ್ಲ. ಹೀಗಾಗಿ ಬಿಂದುಗಳ ವರ್ತನೆಯನ್ನು ಪ್ರಯೋಗದ ಅಂಕಿಗಳಿಂದ ಎರವಲು ಪಡೆಯಲಾಗುತ್ತದೆ. ಹಲವು ಬಾರಿ ಶಾರ್ಟ್ ಸರ್ಕ್ಯೂಟ್ ತಡೆದು ಒರಟಾದ ತುದಿ ಮುಂದಿನ ಬಾರಿ ಹೇಗೆ ವರ್ತಿಸುತ್ತದೆ ಎಂಬುದನ್ನು ಖಚಿತವಾಗಿ ಹೇಳುವುದು ಇನ್ನೂ ಕಷ್ಟ.

ಆದ್ದರಿಂದ ಕೊನೆಯ ತೀರ್ಪು ಪರೀಕ್ಷಾಲಯದ್ದೇ. ಬಿಇಎಲ್‌ನಂಥ ದೇಶೀಯ ಕಂಪನಿಗಳು ವ್ಯಾಕ್ಯೂಮ್ ಇಂಟರಪ್ಟರ್ ತಯಾರಿಸುತ್ತಿವೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಶಾರ್ಟ್ ಸರ್ಕ್ಯೂಟ್ ಪರೀಕ್ಷಾ ಸೌಲಭ್ಯವಿದೆ. ಪರೀಕ್ಷೆಯ ಅಂಕಿಗಳು ಲೆಕ್ಕವನ್ನು ತಿದ್ದಬೇಕು, ಲೆಕ್ಕ ಮುಂದಿನ ವಿನ್ಯಾಸವನ್ನು ತಿದ್ದಬೇಕು. ಈ ಎರಡನ್ನೂ ಬೆಸೆಯದಿದ್ದರೆ, ಎಸ್‌ಎಫ್-6 ಬಿಡುವ ಸರದಿ ಭಾರತಕ್ಕೆ ಬಂದಾಗ ಅಧಿಕ ವೋಲ್ಟೇಜ್ ಬ್ರೇಕರ್‌ಗಳಿಗೆ ವಿದೇಶಿ ವಿನ್ಯಾಸವನ್ನೇ ನೆಚ್ಚಿಕೊಳ್ಳಬೇಕಾದೀತು.