ನಿಧಾನ ಗುಳಿಗೆಯ ಅಪಾಯ

ಸರಿಯಾಗಿ ಬಳಸಿದಾಗ ಆಗುವ ಉಪಕಾರದಿಂದ ಮಾತ್ರ ಔಷಧವನ್ನು ಅಳೆಯುವುದು ನಮ್ಮ ರೂಢಿ. ಮಿತಿಮೀರಿ ಸೇವಿಸಿದಾಗ ವೈದ್ಯರಿಗೆ ರೋಗಿಯನ್ನು ಉಳಿಸಲು ದಾರಿಯಿದೆಯೇ ಎಂಬುದನ್ನೂ ನೋಡಬೇಕೆಂಬುದು ನನ್ನ ಮತ. ಯುರೋಪಿನಲ್ಲಿ ನಡೆದ ಒಂದು ಸಂಗತಿ ಇದನ್ನು ಚೆನ್ನಾಗಿ ತಿಳಿಸುತ್ತದೆ.

ಪ್ಯಾರಸಿಟಮಾಲ್ ಗುಳಿಗೆಯನ್ನು ಅರಿಯದವರಾರು? ಸಾಮಾನ್ಯ ಗುಳಿಗೆ ಹೊಟ್ಟೆಯಲ್ಲಿ ಬೇಗನೆ ಕರಗಿ ರಕ್ತವನ್ನು ಸೇರುತ್ತದೆ. ಬಹುಕಾಲದ ನೋವಿನಿಂದ ಬಳಲುವವರು ಪದೇ ಪದೇ ಗುಳಿಗೆ ನುಂಗುವ ಕಷ್ಟ ಕಡಮೆಯಾಗಲೆಂದು 665 ಮಿಲಿಗ್ರಾಂನ ಇನ್ನೊಂದು ಬಗೆ ಬಂದಿತು. ಅದರ ಒಂದು ಭಾಗ ಕೂಡಲೇ ಕರಗುತ್ತದೆ. ಉಳಿದುದು ಹಲವು ಗಂಟೆಗಳ ಕಾಲ ಮೆಲ್ಲಮೆಲ್ಲನೆ ಹೊರಬರುತ್ತದೆ. ಅನುಕೂಲವೇನೋ ದಿಟ.

ಆದರೆ ಮಿತಿಮೀರಿದಾಗ ಈ ಅನುಕೂಲವೇ ತೊಡಕಾಗುತ್ತದೆ. ಪ್ಯಾರಸಿಟಮಾಲಿನ ಒಂದಂಶ ಯಕೃತ್ತಿನಲ್ಲಿ ವಿಷವಾಗಿ ಮಾರ್ಪಡುತ್ತದೆ. ಅದನ್ನು ಅಡಗಿಸುವ ಗ್ಲುಟಾಥಯೋನ್ ಎಂಬ ವಸ್ತು ಬರಿದಾದರೆ ಯಕೃತ್ತು ಕೆಡತೊಡಗುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವುಂಟು. 8 ಗಂಟೆಗಳೊಳಗೆ ಕೊಟ್ಟರೆ ಅದರ ಫಲ ಅತ್ಯುತ್ತಮ. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ವೈದ್ಯರು 1975ರಲ್ಲಿ ರುಮ್ಯಾಕ್ ಮತ್ತು ಮ್ಯಾಥ್ಯೂ ಅವರು ಪ್ರಕಟಿಸಿದ ನಕ್ಷೆಯನ್ನು ಆಧರಿಸುತ್ತ ಬಂದಿದ್ದಾರೆ. ನುಂಗಿ 4 ಗಂಟೆ ಕಳೆದ ಮೇಲಿನ ರಕ್ತಪರೀಕ್ಷೆಯಿಂದ ಅದು ಆರಂಭವಾಗುತ್ತದೆ. ಆದರೆ ಆ ನಕ್ಷೆ ಬೇಗ ಕರಗುವ ಗುಳಿಗೆಗಾಗಿ ರಚಿತವಾದುದು. ನಿಧಾನ ಗುಳಿಗೆಯಲ್ಲಾದರೋ, 4ನೆಯ ಗಂಟೆಯಲ್ಲಿ ಕಡಮೆ ಕಂಡ ಪ್ರಮಾಣ ಆಮೇಲೆ ಏರಬಹುದು. ಇಳಿದುದು ಮತ್ತೊಮ್ಮೆ ಏರಲೂಬಹುದು. ಒಂದೇ ಪರೀಕ್ಷೆಯನ್ನು ನಂಬಿದರೆ ಅಪಾಯದಲ್ಲಿರುವವನನ್ನು ಮನೆಗೆ ಕಳುಹಿಸಿದಂತಾದೀತು.

ಈ ಕಾರಣದಿಂದಲೇ ಸ್ವೀಡನ್ನಿನ ಔಷಧ ಇಲಾಖೆ ಪರಿಶೀಲನೆ ಕೋರಿತು. ನಿಧಾನ ಪ್ಯಾರಸಿಟಮಾಲಿನ ಮಾರಾಟವನ್ನು ತಡೆಹಿಡಿಯಬೇಕೆಂದು ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ 2017ರಲ್ಲಿ ಶಿಫಾರಸು ಮಾಡಿತು.

ಕೆಲವರ ತಪ್ಪಿಗಾಗಿ ನೋವುಳ್ಳ ಹಲವರಿಗೇಕೆ ತೊಂದರೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಅವರಿಗೆ ಸಾಮಾನ್ಯ ಗುಳಿಗೆ ಇದ್ದೇ ಇದೆ; ಹೆಚ್ಚು ಸಲ ನುಂಗಬೇಕಾದೀತು, ಅಷ್ಟೆ. ಕೆಟ್ಟ ಯಕೃತ್ತಿಗೆ ಅಂಥ ಬದಲಿ ಸುಲಭವಾಗಿ ದೊರೆಯದು. ಆದುದರಿಂದ ಆ ಸಮಿತಿಯ ನಿರ್ಣಯ ಸರಿಯೆಂದೇ ನಾನು ಭಾವಿಸುತ್ತೇನೆ.

ವಾಚಕರು ಒಂದು ಮಾತನ್ನು ನೆನಪಿಡಬೇಕು. ಪ್ಯಾರಸಿಟಮಾಲ್ ಮಿತಿಮೀರಿದರೂ ಮೊದಲ ದಿನ ಮನುಷ್ಯ ಆರೋಗ್ಯವಾಗಿಯೇ ಕಾಣಬಹುದು. ಲಕ್ಷಣಗಳಿಗಾಗಿ ಕಾಯಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಗುಳಿಗೆಯ ಪೊಟ್ಟಣವನ್ನೂ ಜತೆಗೆ ಕೊಂಡೊಯ್ಯಬೇಕು. ಗುಳಿಗೆ ಯಾವ ಬಗೆಯದೆಂದು ವೈದ್ಯರಿಗೆ ತಿಳಿಸುವುದು ಅದೇ.