ಮೂವತ್ತೆಂಟು ರೂಪಾಯಿಯ ಮನೆ

ಉಡುಪಿಗೆ ಬಂದವರು ಕೃಷ್ಣಮಠಕ್ಕೆ ಹೋಗುತ್ತಾರೆ, ಮಲ್ಪೆ ಕಡಲತೀರ ಸುತ್ತುತ್ತಾರೆ. ಪುರುಸೊತ್ತಿದ್ದರೆ ಕಾಪುವಿನ ದೀಪಸ್ತಂಭ, ಕಾರ್ಕಳದ ಗೊಮ್ಮಟ. ಪೇಟೆಯ ನಡುವೆ ಕವಿ ಮುದ್ದಣ ಮಾರ್ಗದಲ್ಲೇ ಇರುವ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆ ಈ ಪಟ್ಟಿಯಲ್ಲಿ ಸೇರುವುದೇ ಅಪರೂಪ. ಪರಂಪರೆ ಎಂದರೆ ದೇವಸ್ಥಾನ, ಬಸದಿ, ಕೋಟೆ ಎಂದೇ ನಾವು ಎಣಿಸಿಬಿಟ್ಟಿದ್ದೇವೆ. ಊರಿನ ವ್ಯಾಪಾರಕ್ಕೂ ಒಂದು ಪರಂಪರೆ ಇದೆ, ಅದಕ್ಕೂ ಕಾಪಾಡಬೇಕಾದ ಗೋಡೆಗಳಿವೆ ಎಂಬುದನ್ನು ಒಪ್ಪಿಕೊಳ್ಳಲು ತಡಮಾಡುತ್ತಿದ್ದೇವೆ.

ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಈ ಸಾಹೇಬರು ಹುಟ್ಟುಹಾಕಿದ್ದು 1906ರ ಮಾರ್ಚ್ 12ರಂದು, ಉಡುಪಿಯಲ್ಲಿ. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಕೂಡಿದ ಹಣ 38 ರೂಪಾಯಿ 13 ಆಣೆ 2 ಪೈ. ಒಂದು ಆಣೆಗೆ ಹನ್ನೆರಡು ಪೈ, ರೂಪಾಯಿಗೆ ಹದಿನಾರು ಆಣೆ. ಅಂದರೆ ರೂಪಾಯಿಯ 192 ಪಾಲಿನಲ್ಲಿ ಎರಡು ಪಾಲನ್ನೂ ಬಿಡದೆ ಲೆಕ್ಕಕ್ಕೆ ಹಿಡಿದಿದ್ದಾರೆ! ಲೇವಾದೇವಿಗಾರರ ಬಡ್ಡಿಗೆ ಸಿಕ್ಕಿ ನಲುಗುತ್ತಿದ್ದ ಜನ ಒಂದು ಬ್ಯಾಂಕನ್ನು ನಂಬಿದ್ದು ಇಂಥ ಕಟ್ಟುನಿಟ್ಟಿನಿಂದಲೇ ಎಂದು ನನ್ನ ಎಣಿಕೆ.

ಬ್ಯಾಂಕು ಬೆಳೆದು ಕೇಂದ್ರ ಕಚೇರಿ ಮಂಗಳೂರಿಗೆ ಹೋಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು. ಸ್ಥಾಪಕರ ಮನೆಯನ್ನು ಮಾತ್ರ ಮರೆಯಲಿಲ್ಲ. ಹಳೆಯ ಹೆಂಚಿನ ಮನೆಯನ್ನು ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವುದು ಸುಲಭವಿತ್ತು, ಲಾಭವೂ ಇತ್ತು. ಬ್ಯಾಂಕಿನವರು ದುರಸ್ತಿ ಮಾಡಿಸಿ ಅದನ್ನು ಬ್ಯಾಂಕಿನ ಇತಿಹಾಸದ, ನಾಣ್ಯಗಳ ಸಂಗ್ರಹಾಲಯವಾಗಿಸಿದರು. ಪ್ರಾಚೀನ ಕಾಲದ ನಾಣ್ಯಗಳಿಂದ ಇಂದಿನವರೆಗಿನ ದುಡ್ಡಿನ ಕತೆ ಅಲ್ಲಿದೆ.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದ ಅವರ ಆ ಕೆಲಸಕ್ಕೆ ಎಷ್ಟು ಗೌರವ ಸಲ್ಲಿಸಿದರೂ ಕಡಿಮೆಯೇ. ಆದರೂ ಕಟ್ಟಡ ತಾನು ಹುಟ್ಟಿದ ಬೀದಿಯಲ್ಲೇ ಉಳಿದರೆ ಅದರ ಸೊಗಸೇ ಬೇರೆ. ಸಾಹೇಬರ ಮನೆ ನಿಂತಲ್ಲೇ ನಿಂತಿದೆ. ಅವರು ದಾನ ಕೊಟ್ಟ ಜಾಗದಲ್ಲಿ ಇಂದಿಗೂ ಹೆರಿಗೆ ಆಸ್ಪತ್ರೆ ಅವರ ಹೆಸರಿನಲ್ಲಿ ನಡೆಯುತ್ತಿದೆ. ಮನೆ, ಬ್ಯಾಂಕು, ಆಸ್ಪತ್ರೆ ಒಂದೇ ಪೇಟೆಯ ಒಂದೇ ಕತೆ.

2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿತು. ಉಡುಪಿಯಲ್ಲಿ ಹುಟ್ಟಿದ ಎರಡೂ ಹೆಸರು ಒಂದೇ ಬೆಳಗಿನಲ್ಲಿ ಬೋರ್ಡಿನಿಂದ ಇಳಿದವು. ಈಗ ಹೆಸರು ಹೇಳಲು ಉಳಿದಿರುವುದು ಇಂಥ ಗೋಡೆಗಳೇ.

ಅದಕ್ಕೇ ಈ ಮನೆಯನ್ನು ಮುಂದೆಯೂ ಹೀಗೇ ಉಳಿಸಿಕೊಳ್ಳುತ್ತೇವೆಂದು ಯೂನಿಯನ್ ಬ್ಯಾಂಕ್ ಲಿಖಿತವಾಗಿ ಮಾತು ಕೊಡಬೇಕು. ನಗರಾಡಳಿತ ರಥಬೀದಿ, ತೆಂಕಪೇಟೆ, ಬಡಗುಪೇಟೆಗಳಲ್ಲಿ ಅಳಿದುಳಿದ ಹಳೆಯ ಅಂಗಡಿ ಮನೆಗಳ ಪಟ್ಟಿ ಮಾಡಬೇಕು. ದುರಸ್ತಿಗೆ ಮುಂದೆ ಬರುವ ಮಾಲಕರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು. ವಾಣಿಜ್ಯ ಓದುವ ಮಕ್ಕಳನ್ನು ಮೇಷ್ಟ್ರುಗಳು ಒಮ್ಮೆ ಕವಿ ಮುದ್ದಣ ಮಾರ್ಗಕ್ಕೆ ಕರೆದುಕೊಂಡು ಹೋಗಲಿ.