ಹೊಗೆಗೆ ಅಂಕ ಹಾಕುವ ವಿದ್ಯೆ

ಹೊಗೆಸೊಪ್ಪು ಕೆಟ್ಟದ್ದೆಂದು ಇಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೀಡಿ ಸಿಗರೇಟುಗಳನ್ನು ಸೇದುವವನು ಕೂಡ ಆ ಮಾತನ್ನು ಒಪ್ಪಿಕೊಂಡೇ ಸೇದುತ್ತಾನೆ. ಆದರೆ ಈಚಿನ ವರ್ಷಗಳಲ್ಲಿ ಬೇರೊಂದು ವಾದವು ನಮ್ಮ ಮನೆಗಳ ಬಾಗಿಲಿಗೂ ಬಂದು ನಿಂತಿದೆ. "ನಮ್ಮದು ಚಟವಲ್ಲ; ಕ್ಯೂಬಾ ದೇಶದಲ್ಲಿ ಕೈಯಿಂದ ಸುತ್ತಿದ ಚುರುಟನ್ನು ಆಸ್ವಾದಿಸಿ ಅದರ ಗುಣವನ್ನು ನಿರ್ಣಯಿಸುತ್ತೇವೆ; ಸಂಗೀತವನ್ನೂ ಶಿಲ್ಪವನ್ನೂ ಅರಿಯುವಂತೆ ಇದೂ ಒಂದು ರಸಿಕವಿದ್ಯೆ" ಎಂಬುದೇ ಆ ವಾದ. ವಿದೇಶದಲ್ಲಿ ಓದಿ ಬಂದ, ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ನಮ್ಮ ಕೆಲವು ತರುಣರ ಬಾಯಲ್ಲಿ ನಾನೇ ಇದನ್ನು ಕೇಳಿದ್ದೇನೆ. ಹಿರಿಯರು ಅವರಿಗೆ ಕೊಡುವ ಉತ್ತರ 'ಆರೋಗ್ಯಕ್ಕೆ ಕೇಡು' ಎಂಬ ಒಂದೇ ಮಾತು. ಮಾತು ಸತ್ಯವೇ; ಆದರೆ ಅದು ಆ ವಾದಕ್ಕೆ ಉತ್ತರವಾಗಲಿಲ್ಲ. ವಿದ್ಯೆಯೆಂದು ಹೇಳಿಕೊಂಡು ಬಂದುದನ್ನು ವಿದ್ಯೆಯ ಅಳತೆಗೋಲಿನಿಂದಲೇ ಅಳೆದು ನೋಡಬೇಕು.

ಮೊದಲು ವಸ್ತುವಿನ ವಿಚಾರ. ಕ್ಯೂಬಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಪ್ರಾಂತದಲ್ಲಿ ವುವೆಲ್ತಾ ಅಬಾಹೊ ಎಂಬ ಪ್ರದೇಶವಿದೆ. ಹೆಸರಾಂತ ಹವಾನಾ ಚುರುಟುಗಳ ಎಲೆ ಬಹುಮಟ್ಟಿಗೆ ಅಲ್ಲಿಯದು. ಒಂದು ಚುರುಟಿನಲ್ಲಿ ಮೂರು ಭಾಗಗಳುಂಟು: ಒಳಗಿನ ಹೂರಣದ ಎಲೆ, ಅದನ್ನು ಹಿಡಿದು ಕಟ್ಟುವ ಎಲೆ, ಕಣ್ಣಿಗೆ ಕಾಣುವ ಹೊದಿಕೆಯ ಎಲೆ. ಹೊದಿಕೆಯ ಎಲೆಯನ್ನು ಹೊಲದ ಮೇಲೆ ತೆಳುಬಟ್ಟೆಯ ಚಪ್ಪರ ಹಾಕಿ ನೆರಳಿನಲ್ಲಿ ಬೆಳೆಯುತ್ತಾರೆ. ಹೂರಣಕ್ಕೆ ಗಿಡದ ಬೇರೆ ಬೇರೆ ಎತ್ತರದ ಎಲೆಗಳನ್ನು ಬೆರೆಸುತ್ತಾರೆ. ಕೆಳಗಿನ ಎಲೆ ಚೆನ್ನಾಗಿ ಉರಿಯುತ್ತದೆ, ನಡುವಿನದು ಪರಿಮಳ ಕೊಡುತ್ತದೆ, ಮೇಲಿನ ಬಿಸಿಲುಂಡ ಎಲೆ ಖಾರ ಕೊಡುತ್ತದೆ. ಎಲೆಗಳನ್ನು ಒಣಗಿಸಿ, ರಾಶಿ ಹಾಕಿ ಹುದುಗಿಸಿ, ಅಮೋನಿಯದ ಘಾಟು ಹೋಗುವಂತೆ ಮಾಡಿ, ತಿಂಗಳುಗಟ್ಟಲೆ, ಕೆಲವನ್ನು ವರ್ಷಗಟ್ಟಲೆ ಇಟ್ಟು, ಆಮೇಲೆ ಕಾರ್ಖಾನೆಗೆ ತರುತ್ತಾರೆ. ಅಲ್ಲಿ ಟೋರ್ಸೆಡೋರ್ ಎಂದು ಕರೆಯಲ್ಪಡುವ ಕುಶಲಕರ್ಮಿಯು ಚಾವೇಟ ಎಂಬ ಹಿಡಿಯಿಲ್ಲದ ಅಗಲ ಕತ್ತಿಯೊಂದನ್ನೂ ತನ್ನ ಹತ್ತು ಬೆರಳುಗಳನ್ನೂ ನಂಬಿ ಅದನ್ನು ಸುತ್ತುತ್ತಾನೆ. ಸುತ್ತುವವರಲ್ಲಿ ಹೆಂಗಸರ ಸಂಖ್ಯೆಯೂ ಬಹಳ.

ಈ ಕೈಚಳಕವನ್ನು ನಾನು ಕೀಳೆನ್ನಲಾರೆ. ಕೀಳೆನ್ನುವವನು ಒಂದು ದಿನ ಆ ಮಣೆಯ ಮುಂದೆ ಕುಳಿತು ನೋಡಲಿ. ಅದಕ್ಕಿಂತಲೂ ಮೆಚ್ಚತಕ್ಕ ಸಂಗತಿ ಮತ್ತೊಂದಿದೆ. 1865ರಿಂದ ಹವಾನಾದ ಕಾರ್ಖಾನೆಗಳಲ್ಲಿ ಕೆಲಸಗಾರರ ಎದುರು ಒಬ್ಬ ವಾಚಕನು ಎತ್ತರದ ಪೀಠದಲ್ಲಿ ಕುಳಿತು ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಗಟ್ಟಿಯಾಗಿ ಓದುವ ಪದ್ಧತಿಯಿದೆ. ಹಿಂದೆ ಅವನ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. ಡ್ಯೂಮಾನ ಕಾದಂಬರಿಯನ್ನು ಹಾಗೆ ಕೇಳಿ ಮೆಚ್ಚಿದ್ದರಿಂದಲೇ 1935ರಲ್ಲಿ ಒಂದು ಚುರುಟಿಗೆ ಮಾಂಟೆಕ್ರಿಸ್ಟೊ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ಕೈ ದುಡಿಯುತ್ತಿರುವಾಗ ಕಿವಿಗೆ ಸ್ವಾಧ್ಯಾಯ! ಆ ಉದ್ಯಮದಲ್ಲಿ ನಾವು ಎರವಲು ತರಬಹುದಾದ ವಸ್ತುವೊಂದಿದ್ದರೆ ಇದೊಂದೇ.

ನಿಜವಾದ ಪರೀಕ್ಷೆಯೂ ಆ ಕಾರ್ಖಾನೆಯ ಒಳಗೇ ನಡೆಯುತ್ತದೆ. ಸುತ್ತಿದ ಚುರುಟುಗಳನ್ನು ಐವತ್ತರ ಕಟ್ಟುಗಳಾಗಿ ಮಾಡಿ ತೂಗುತ್ತಾರೆ. ಉದ್ದವನ್ನೂ ದಪ್ಪವನ್ನೂ ಅಳತೆಯ ಪಟ್ಟಿಗೆ ಹೊಂದಿಸುತ್ತಾರೆ. 1990ರ ದಶಕದ ಕೊನೆಯಲ್ಲಿ ಬೇಡಿಕೆಯ ಬೆನ್ನು ಹತ್ತಿ ಅವಸರದಿಂದ ಸುತ್ತಿದ್ದರ ಫಲವಾಗಿ ಗಾಳಿ ಎಳೆಯದ ಚುರುಟುಗಳ ದೂರು ಹೆಚ್ಚಿತು. ಆಮೇಲೆ ಎಳೆತವನ್ನು ಅಳೆಯುವ ಯಂತ್ರಗಳು ಬಂದವು. ಬಣ್ಣ ವಿಂಗಡಿಸುವವರು ಕಂದು ಬಣ್ಣದ ಹತ್ತಾರು ಛಾಯೆಗಳನ್ನು ಬರಿಗಣ್ಣಿನಿಂದ ಗುರುತಿಸಿ, ಪೆಟ್ಟಿಗೆಯಲ್ಲಿ ಎಡದಿಂದ ಬಲಕ್ಕೆ ಗಾಢದಿಂದ ತಿಳಿಗೆ ಜೋಡಿಸುತ್ತಾರೆ. ಇದು ಪರೀಕ್ಷೆ. ಇದಕ್ಕೆ ಮಾನದಂಡವಿದೆ, ತಪ್ಪಿದರೆ ತಪ್ಪಿತೆಂದು ತೋರಿಸಿಕೊಡಲು ಬರುತ್ತದೆ.

ಇನ್ನು ಆರಾಮಕುರ್ಚಿಯ ರಸಿಕನ ಪರೀಕ್ಷೆಗೆ ಬರೋಣ. ಅವನು ಚುರುಟಿನ ತುದಿಯನ್ನು ಕತ್ತರಿಸಿ, ಹಚ್ಚುವ ಮುನ್ನ ಒಮ್ಮೆ ಬರಿದೆ ಎಳೆದು, ಹಚ್ಚಿದ ಮೇಲೆ ಹೊಗೆಯನ್ನು ಬಾಯಲ್ಲಿ ಆಡಿಸಿ, ಕೊಂಚವನ್ನು ಮೂಗಿನಿಂದ ಬಿಟ್ಟು, ಚುರುಟನ್ನು ಮೂರು ಪಾಲಾಗಿ ಭಾವಿಸಿ, ಮೊದಲ ಪಾಲಿನಲ್ಲಿ ದೇವದಾರು, ಎರಡನೆಯದರಲ್ಲಿ ಕೋಕೋ, ಮೂರನೆಯದರಲ್ಲಿ ಚರ್ಮ ಮತ್ತು ಮೆಣಸು ಎಂದು ಬರೆದುಕೊಳ್ಳುತ್ತಾನೆ. ಬೂದಿ ಬೆಳ್ಳಗಿದ್ದರೆ ಹಿಗ್ಗುತ್ತಾನೆ. ಬೂದಿಯ ಬಣ್ಣವು ಮಣ್ಣಿನ ಖನಿಜಾಂಶಗಳನ್ನು ಅವಲಂಬಿಸಿದ್ದೆಂಬುದು ಅವನಿಗೆ ಬೇಕಾಗಿಲ್ಲ. ಅವನು ಕೊಂಡಾಡುವ ದೇವದಾರು ಕೂಡ ಅನೇಕ ವೇಳೆ ಪೆಟ್ಟಿಗೆಯ ಮರದ ವಾಸನೆ. ಆ ಮರವೂ ದೇವದಾರು ಅಲ್ಲ, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಒಂದು ಅಮೆರಿಕದ ಮರ!

ಈ ಆಸ್ವಾದನೆಗೆ ಶಾಸ್ತ್ರದ ವೇಷ ಬಂದದ್ದು ಅಂಕಗಳಿಂದ. 1992ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಸಿಗಾರ್ ಅಫಿಷಿಯನಾಡೊ' ಎಂಬ ಪತ್ರಿಕೆಯು ಚುರುಟಿನ ಹೆಸರುಪಟ್ಟಿಯನ್ನು ಮರೆಮಾಡಿ ಸೇದಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಕ್ರಮವನ್ನು ಜನಪ್ರಿಯಗೊಳಿಸಿತು. ಹೆಸರು ಮರೆಮಾಡುವುದು ಪ್ರಾಮಾಣಿಕ ಕ್ರಮವೇ. ಆದರೆ ಅಂಕಗಳ ಹಂಚಿಕೆಯನ್ನು ನೋಡಿರಿ. ರೂಪಕ್ಕೂ ರಚನೆಗೂ ಸೇರಿ 15, ರುಚಿಗೆ 25, ಉರಿಯುವ ಗುಣಕ್ಕೆ 25. ಉಳಿದ 35 ಅಂಕಗಳು 'ಒಟ್ಟಾರೆ ಅಭಿಪ್ರಾಯ'ಕ್ಕೆ! ವಾಣಿಜ್ಯ ಪದವಿಯ ತರಗತಿಯಲ್ಲಿ ಲೆಕ್ಕಪರಿಶೋಧನೆ ಓದಿದವರಿಗೆ ಇಲ್ಲಿ ನಗು ಬರದಿರದು. ವೌಚರ್ ಇರುವ ಖರ್ಚುಗಳನ್ನೆಲ್ಲ ಬರೆದು, ಎಲ್ಲಕ್ಕಿಂತ ದೊಡ್ಡ ಮೊತ್ತವನ್ನು 'ಇತರೆ' ಎಂಬ ತಲೆಬರಹದ ಕೆಳಗೆ ಹಾಕಿದ ಜಮಾಖರ್ಚನ್ನು ಯಾವ ಟ್ರಸ್ಟಿನ ಸಭೆ ಅಂಗೀಕರಿಸೀತು?

ನಾನು ನಲವತ್ತು ವರ್ಷ ಕಾಳುಮೆಣಸು, ಏಲಕ್ಕಿಗಳ ದರ್ಜೆ ನೋಡಿದವನು. ಮೆಣಸನ್ನು ಲೀಟರ್ ಅಳತೆಯ ಪಾತ್ರೆಯಲ್ಲಿ ತುಂಬಿ ತೂಗಿದರೆ ಇಷ್ಟು ಗ್ರಾಂ ಎಂದು ಬರುತ್ತದೆ. ಏಲಕ್ಕಿಯನ್ನು ಮಿಲಿಮೀಟರ್ ಲೆಕ್ಕದ ಜರಡಿಗೆ ಹಾಕಿದರೆ ದಪ್ಪ ಕಾಯಿ ಮೇಲೆ ನಿಲ್ಲುತ್ತದೆ. ಶಿರಸಿಯಲ್ಲಿ ನಾನು ತೂಗಿದ್ದನ್ನು ಕೊಚ್ಚಿಯಲ್ಲಿ ನನ್ನನ್ನು ಕಂಡರಿಯದವನು ತೂಗಿದರೂ ಲೆಕ್ಕ ಒಂದೇ. ಸುವಾಸನೆಯ ವಿಷಯದಲ್ಲಿ ನನಗೂ ಮೂಗಿದೆ, ಅಭಿಪ್ರಾಯವಿದೆ. ಅದಕ್ಕೆ ನೂರರಲ್ಲಿ ತೊಂಬತ್ತೆರಡು ಎಂದು ಅಂಕ ಬರೆದು ಖರೀದಿದಾರನಿಗೆ ಬಿಲ್ಲು ಮಾಡಿದವನಲ್ಲ.

ಮೂಗು ನಾಲಗೆಗಳ ಸಾಕ್ಷ್ಯವೆಷ್ಟು ಗಟ್ಟಿ ಎಂಬುದಕ್ಕೆ ಚುರುಟಿನ ನೆರೆಯ ವಿದ್ಯೆಯಾದ ಮದ್ಯಪರೀಕ್ಷೆಯಿಂದ ಒಂದು ನಿದರ್ಶನ ಕೊಡಬಹುದು. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಆ ವಿದ್ಯೆಯನ್ನೇ ಕಲಿಯುತ್ತಿದ್ದ 54 ಮಂದಿಯ ಮುಂದೆ ಬಿಳಿ ದ್ರಾಕ್ಷಾರಸಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟಾಗ, ಅವರು ಕೆಂಪು ದ್ರಾಕ್ಷಾರಸಕ್ಕೆ ಬಳಸುವ ಮಾತುಗಳಿಂದಲೇ ಅದನ್ನು ವರ್ಣಿಸಿದರು. 2001ರಲ್ಲಿ ಪ್ರಕಟವಾದ ಸಂಶೋಧನೆಯಿದು. ಕಣ್ಣು ಹೇಳಿಕೊಟ್ಟದ್ದನ್ನು ಮೂಗು ಒಪ್ಪಿಸಿತು. ಚುರುಟಿನಲ್ಲಾದರೋ ಕಣ್ಣಿನ ಜೊತೆಗೆ ಬೆಲೆಯೂ ಕಥೆಯೂ ಹೇಳಿಕೊಡುತ್ತವೆ. ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರುವ ಮುನ್ನಾದಿನ ಅಧ್ಯಕ್ಷ ಕೆನಡಿಯವರು ತಮಗಾಗಿ ಸಾವಿರ ಚುರುಟು ತರಹೇಳಿದರು, ತಾನು ಸಾವಿರದ ಇನ್ನೂರು ಹೊಂದಿಸಿ ತಂದೊಡನೆಯೇ ಅವರು ಆಜ್ಞೆಗೆ ಸಹಿ ಮಾಡಿದರು ಎಂದು ಅವರ ಪತ್ರಿಕಾ ಕಾರ್ಯದರ್ಶಿ ಸ್ಯಾಲಿಂಜರ್ ಆಮೇಲೆ ಬರೆದಿದ್ದಾರೆ. 1962ರಿಂದ ಇಂದಿನವರೆಗೆ ಅಮೆರಿಕದ ರಸಿಕನಿಗೆ ಕ್ಯೂಬಾದ ಎಲೆಯಲ್ಲಿ ನಿಷೇಧದ ರುಚಿಯೂ ಸೇರಿಕೊಂಡಿದೆ. ಆ ರುಚಿ ಯಾವ ಅಂಕದಲ್ಲಿ ಅಡಗಿದೆಯೋ!

ಇದೆಲ್ಲಕ್ಕಿಂತ ಮುಖ್ಯವಾದ ದೋಷ ಬೇರೆಯೇ ಇದೆ. ಇಲ್ಲಿ ಪರೀಕ್ಷಿಸಲ್ಪಡುವ ವಸ್ತುವೇ ಪರೀಕ್ಷಕನನ್ನು ಬದಲಿಸುತ್ತದೆ. ಚಹಾ ಪರೀಕ್ಷಿಸುವವನು ಗುಟುಕನ್ನು ಉಗುಳುತ್ತಾನೆ. ಚುರುಟಿನ ರಸಿಕನೂ ಹೊಗೆಯನ್ನು ಎದೆಗೆ ಎಳೆಯುವುದಿಲ್ಲವೆಂದು ಹೆಮ್ಮೆಪಡುತ್ತಾನೆ. ಆದರೆ ಚುರುಟಿನ ಹೊಗೆ ಕ್ಷಾರಗುಣದ್ದು; ಅದರಲ್ಲಿನ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಚುರುಟಿನ ಬಗೆಗೇ ಒಂದು ಗ್ರಂಥವನ್ನು ಪ್ರಕಟಿಸಿತು. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೆ ಚುರುಟು ಕಾರಣವೆಂಬುದು ಅದರ ನಿರ್ಣಯ. ದೊಡ್ಡ ಚುರುಟೊಂದರಲ್ಲಿ ಒಂದು ಇಡೀ ಪ್ಯಾಕು ಸಿಗರೇಟಿನಷ್ಟು ತಂಬಾಕು ಇರಬಲ್ಲದು. ಹೀಗಿರಲು ಮೂರನೆಯ ಪಾಲಿಗೆ ಬರುವ ಹೊತ್ತಿಗೆ ತೀರ್ಪು ಬರೆಯುತ್ತಿರುವವನು ಮೊದಲ ಪಾಲಿನಲ್ಲಿದ್ದ ಮನುಷ್ಯನಲ್ಲ. ತಕ್ಕಡಿಯ ತಟ್ಟೆಯಲ್ಲಿ ಕುಳಿತ ಸರಕೇ ಮುಳ್ಳನ್ನು ಒತ್ತುತ್ತಿದೆ. ಇದನ್ನು ಪ್ರಮಾಣವೆಂದು ಯಾವ ನ್ಯಾಯಶಾಸ್ತ್ರವೂ ಒಪ್ಪದು.

ಹಾಗಾದರೆ ಈ ಅಂಕಗಳಿಂದ ಲಾಭ ಯಾರಿಗೆ? 1966ರಲ್ಲಿ ಆರಂಭವಾದ ಕೊಹೀಬಾ ಎಂಬ ಚುರುಟು ಮೊದಲು ಕ್ಯೂಬಾ ಸರಕಾರವು ರಾಜತಾಂತ್ರಿಕರಿಗೆ ಕೊಡುವ ಕಾಣಿಕೆಯಾಗಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಪ್ರಸಿದ್ಧಿಗೆ ಕಾರಣರಾದ ಫಿಡೆಲ್ ಕ್ಯಾಸ್ಟ್ರೊ ಅವರೇ 1985ರಲ್ಲಿ ಧೂಮಪಾನವನ್ನು ಬಿಟ್ಟರೆಂಬುದನ್ನು ರಸಿಕರು ಅಷ್ಟಾಗಿ ಹೇಳುವುದಿಲ್ಲ. 2022ರಲ್ಲಿ ಕೊಹೀಬಾದ ಬೆಲೆಯನ್ನು ಜಗತ್ತಿನಾದ್ಯಂತ ಹಾಂಗ್‌ಕಾಂಗಿನ ಮಟ್ಟಕ್ಕೆ ಏರಿಸಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತವು ಪಿನಾರ್ ದೆಲ್ ರಿಯೊದಲ್ಲಿ ಎಲೆ ಒಣಗಿಸುವ ಸಾವಿರಾರು ಮನೆಗಳನ್ನು ಕೆಡವಿತು. ಹೀಗಿದ್ದೂ ಹವಾನಾ ಚುರುಟುಗಳ ಏಕಸ್ವಾಮ್ಯ ಕಂಪನಿಯ ಮಾರಾಟ 2023ರಲ್ಲಿ 72.1 ಕೋಟಿ ಡಾಲರು, 2024ರಲ್ಲಿ 82.7 ಕೋಟಿ ಡಾಲರು. 2024ರ ಅಕ್ಟೋಬರಿನಲ್ಲಿ ಆ ದೇಶಕ್ಕೆ ದೇಶವೇ ವಿದ್ಯುತ್ತಿಲ್ಲದೆ ಕತ್ತಲಾಗಿತ್ತು. ಪೆಟ್ಟಿಗೆಯ ಅಡಿಯಲ್ಲಿ ಕಾರ್ಖಾನೆಯ ಸಂಕೇತ, ತಿಂಗಳು, ವರ್ಷ ಒತ್ತಿರುತ್ತವೆ. ಸುತ್ತಿದವರ ಹೆಸರು ಇರುವುದಿಲ್ಲ. 'ಕೈಯ ಕೆಲಸಕ್ಕೆ ಗೌರವ' ಎಂಬ ರಸಿಕನ ಮಾತು ಎಲ್ಲಿಯವರೆಗೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ನಮ್ಮ ತರುಣರು ಒಡ್ಡುವ ಇನ್ನೆರಡು ಸಮಾಧಾನಗಳನ್ನೂ ನೋಡಬೇಕು. ಮೊದಲನೆಯದು, ಚುರುಟು ಶುದ್ಧ ಸಸ್ಯಮೂಲದ್ದು, ಅದರಲ್ಲಿ ಹಿಂಸೆಯೆಲ್ಲಿ ಎಂಬುದು. ಹೊಗೆಸೊಪ್ಪಿನ ಎಲೆಯಲ್ಲಿ ಮೊಟ್ಟೆಯಿಡುವ ಒಂದು ಸಣ್ಣ ಕಂದು ಜೀರುಂಡೆಯಿದೆ. ಪೆಟ್ಟಿಗೆ ಬೆಚ್ಚಗಾದರೆ ಮರಿ ಹೊರಟು ಚುರುಟನ್ನು ಕೊರೆದು ತೂತು ಮಾಡುತ್ತದೆ. ಆದುದರಿಂದ ರಫ್ತಿಗೆ ಮುನ್ನ ಚುರುಟುಗಳನ್ನು ಹೆಪ್ಪುಗಟ್ಟುವ ಚಳಿಯಲ್ಲಿಟ್ಟು ಮೊಟ್ಟೆ ಮರಿಗಳನ್ನು ಕೊಲ್ಲುತ್ತಾರೆ. ಸಂಗ್ರಹಕಾರರೂ ಮನೆಯ ಫ್ರೀಜರಿನಲ್ಲಿ ಅದನ್ನೇ ಮಾಡುತ್ತಾರೆ. ಸಂಜೆ ದೀಪಕ್ಕೆ ಹುಳು ಬಿದ್ದೀತೆಂದು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯ ಫ್ರೀಜರಿನಲ್ಲಿ ಈ ತ್ರಸಹಿಂಸೆಗೆ ಯಾವ ಹೆಸರಿಡೋಣ?

ಎರಡನೆಯದು, ಸಪ್ತವ್ಯಸನಗಳ ಪಟ್ಟಿಯಲ್ಲಿ ಹೊಗೆಸೊಪ್ಪು ಇಲ್ಲವೆಂಬುದು. ಅಮೆರಿಕ ಖಂಡದ ಈ ಗಿಡ ನಮ್ಮ ದೇಶಕ್ಕೆ ಬಂದುದೇ ಪೋರ್ಚುಗೀಸರ ಕಾಲದಲ್ಲಿ. ಪ್ರಾಚೀನರು ಅದನ್ನು ಹೆಸರಿಸುವುದೆಂತು? ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ, ಹಿಂಸೆಯಿಂದ ದೂಷಿತವಾದುದನ್ನು ಮಾತ್ರವಲ್ಲದೆ ದೇಹಕ್ಕೆ ಅನಿಷ್ಟವಾದುದನ್ನೂ ಶಿಷ್ಟರು ಸೇವಿಸಲಾಗದ್ದನ್ನೂ ಬಿಡಬೇಕೆಂದಿದ್ದಾರೆ. ಒಮ್ಮೆ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ ಎಂಬ ಲಕ್ಷಣವೂ ಅಲ್ಲಿದೆ. ಚುರುಟು ಭೋಗವಾಯಿತು, ತೇವ ಕಾಯುವ ಆ ಸಾವಿರಾರು ರೂಪಾಯಿಯ ಪೆಟ್ಟಿಗೆ ಉಪಭೋಗವಾಯಿತು; ಪರಿಮಾಣವೊಂದೇ ಕಾಣೆಯಾಯಿತು.

ಬಸದಿಗಳ ಟ್ರಸ್ಟಿನವರಿಗೆ ಪ್ರತ್ಯೇಕವಾಗಿ ಎರಡು ಮಾತು. ಹವಾನಾದಲ್ಲಿ ನಡೆಯುವ ಚುರುಟಿನ ಉತ್ಸವದ ಕೊನೆಗೆ ಅಲಂಕೃತ ಪೆಟ್ಟಿಗೆಗಳ ಹರಾಜಿದೆ. 2024ರಲ್ಲಿ ಅದರಿಂದ ಸುಮಾರು 1.78 ಕೋಟಿ ಯೂರೋ ಬಂದಿತು. ಆ ಹಣ ಕ್ಯೂಬಾದ ಸಾರ್ವಜನಿಕ ಆರೋಗ್ಯಕ್ಕೆ ಹೋಗುತ್ತದೆಂದು ಘೋಷಿಸುತ್ತಾರೆ. 'ನೋಡಿ, ದಾನವೂ ಆಯಿತಲ್ಲ' ಎಂದು ಇದನ್ನು ನಮ್ಮ ಕಲಶದ ಸವಾಲಿಗೆ ಹೋಲಿಸಿದವರಿದ್ದಾರೆ. ಸವಾಲು ಹಿಡಿದವನು ಕಲಶವನ್ನು ಅಭಿಷೇಕಕ್ಕೆ ಅರ್ಪಿಸಿ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಹವಾನಾದವನು ಪೆಟ್ಟಿಗೆಯನ್ನು ಮನೆಗೆ ಒಯ್ದು ಸೇದುತ್ತಾನೆ. ಈ ವ್ಯತ್ಯಾಸ ತಿಳಿಯದಷ್ಟು ನಾವು ಮುಗ್ಧರಲ್ಲ.

ಶ್ರೀಮಂತರ ಆರತಕ್ಷತೆಗಳಲ್ಲಿ ಚುರುಟಿನ ರುಚಿಪರೀಕ್ಷೆಗೆಂದು ಒಂದು ಮೇಜು ಹಾಕುವ ರೂಢಿ ನಗರಗಳಲ್ಲಿ ಕಾಣತೊಡಗಿದೆ. ಟ್ರಸ್ಟಿನ ಕಲ್ಯಾಣ ಮಂಟಪಗಳ ಬಾಡಿಗೆ ಕರಾರಿನಲ್ಲಿ ಮದ್ಯ, ಮಾಂಸ, ಧೂಮಪಾನಗಳ ನಿಷೇಧ ಸಾಮಾನ್ಯವಾಗಿ ಇದ್ದೇ ಇರುತ್ತದೆ. 'ಇದು ಧೂಮಪಾನವಲ್ಲ, ಆಸ್ವಾದನೆ' ಎಂದು ವಾದಿಸುವವರು ನಾಳೆ ಬರುವುದು ಖಂಡಿತ. ಆದಕಾರಣ ಮುಂದಿನ ವಾರ್ಷಿಕ ಸಭೆಯಲ್ಲಿಯೇ ಆ ವಾಕ್ಯದ ಮುಂದೆ 'ಚುರುಟು ಹಾಗೂ ಅದರ ರುಚಿಪರೀಕ್ಷೆ, ಪ್ರದರ್ಶನ, ಹಂಚಿಕೆಗಳೂ ಸೇರಿ' ಎಂದು ಸೇರಿಸಿ, ಮುಂಗಡ ಹಣ ಪಡೆಯುವ ಮೊದಲೇ ಓದಿ ಹೇಳಿ ಸಹಿ ಹಾಕಿಸಿಕೊಳ್ಳುವುದು ಒಳಿತು.